ದ್ವಾರಪಾಲಕ ಕೇಳಿದ ಪ್ರಶ್ನೆ

ನಮ್ಮ ಮನೆಗೆ ಕಂಪ್ಯೂಟರ್ ಬಂದ ಮೇಲೆ ಕುಕ್ಕರ್ ಕೂಗಿದಾಗಲೆಲ್ಲ ನಾನು ಅಡುಗೆಮನೆಯಿಂದ ನಡುಮನೆಗೆ ಓಡಬೇಕಾಗಿತ್ತು. ಓಡಿಬಂದು ಕೀಬೋರ್ಡಿನ ಸ್ಪೇಸ್‌ಬಾರ್ ಒತ್ತಬೇಕು. ಪ್ರತಿ ಕೂಗಿಗೂ ಒಂದು ಸಲ ಒತ್ತಿದರೆ, ಮೂರನೆಯ ಸಲಕ್ಕೆ ಪರದೆಯ ಮೇಲೆ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ‘ಅನ್ನ ಆಗಿದೆ, ಇಳಿಸಿ’ ಎಂದು ಬರುತ್ತಿತ್ತು. ಮೂರರವರೆಗೆ ಎಣಿಸಲು ಬಾರದ ಹೆಂಗಸು ಅಷ್ಟು ವರ್ಷ ಈ ಮನೆಗೆ ಹೇಗೆ ಬೇಯಿಸಿ ಹಾಕಿದಳು ಎಂಬ ಯೋಚನೆ ಆ ಪ್ರೋಗ್ರಾಮ್ ಬರೆದವರಿಗೆ ಬರಲೇ ಇಲ್ಲ.

ಬರೆದವರು ನನ್ನ ಯಜಮಾನರು, ಶ್ಯಾಮಸುಂದರ. ಸರ್ಕಾರಿ ಕಛೇರಿಯಲ್ಲಿ ಕೆಲಸ. ಸಂಜೆ ಹೊತ್ತು ವಿಜಯನಗರದ ಒಂದು ಕಂಪ್ಯೂಟರ್ ಕ್ಲಾಸಿಗೆ ಆರು ತಿಂಗಳು ಹೋಗಿ ಪ್ರೋಗ್ರಾಮ್ ಬರೆಯುವುದನ್ನು ಕಲಿತು ಬಂದರು. ಅಂದಿನಿಂದ ನಮ್ಮ ಬಸವೇಶ್ವರನಗರದ ಮನೆಯಲ್ಲಿ ಏನೇ ತೊಂದರೆ ಬಂದರೂ ಅದಕ್ಕೊಂದು ‘ಟೂಲ್’ ಹುಟ್ಟಿಕೊಳ್ಳುತ್ತಿತ್ತು. ಕಾವೇರಿ ನೀರು ಬರುವ ದಿನ ಹೇಳುವುದಕ್ಕೆ ಒಂದು. ನೀರು ಮಾತ್ರ ವಾಲ್ವ್ ತಿರುಗಿಸುವವನ ಮರ್ಜಿಗೆ ಬರುತ್ತಿತ್ತು. ಸಿಲಿಂಡರ್ ಖಾಲಿಯಾಗುವ ದಿನ ಹೇಳುವುದಕ್ಕೆ ಇನ್ನೊಂದು. ಇನ್ನೂ ಹತ್ತು ದಿನ ಬರುತ್ತದೆ ಎಂದು ಅದು ತೋರಿಸುತ್ತಿರುವಾಗಲೇ ಗೌರಿ ಹಬ್ಬದ ದಿನ ಒಬ್ಬಟ್ಟು ಅರೆಬೆಂದು ಒಲೆ ಆರಿಹೋಯಿತು.

"ಹಬ್ಬಕ್ಕೆ ಅಂತ ನೀನು ಜಾಸ್ತಿ ಉರಿಸಿದೀಯ. ಅದನ್ನ ಮೊದಲೇ ಟೂಲ್‌ಗೆ ಹೇಳ್ಬೇಕಿತ್ತು ಕಣೇ" ಎಂದರು. ಅರೆಬೆಂದ ಒಬ್ಬಟ್ಟನ್ನು ಕೈಯಲ್ಲಿ ಹಿಡಿದುಕೊಂಡು ನಾನು ನಿಂತಿದ್ದೆ. ಅದನ್ನು ಅವರ ಮೇಲೆ ಎಸೆಯಲಿಲ್ಲ, ಅದೇ ನನ್ನ ದೊಡ್ಡ ಗುಣ.

ಈ ಟೂಲುಗಳ ಪೈಕಿ ಒಂದರ ಹೆಸರು ‘ದ್ವಾರಪಾಲಕ’. ಅದು ನಮ್ಮ ಮಗಳು ತನ್ಮಯಿಗಾಗಿ ಹುಟ್ಟಿದ್ದು. ಅವಳು ಎಸ್ಸೆಸ್ಸೆಲ್ಸಿಯಲ್ಲಿ ಓದುವುದು ಬಿಟ್ಟು ಕಾರು ಓಡಿಸುವ ಆಟಕ್ಕೆ ಬಿದ್ದಿದ್ದಳು. ಬೇರೆ ಅಪ್ಪಂದಿರಾಗಿದ್ದರೆ ಬೈಯುತ್ತಿದ್ದರು. ಇವರು, ಅರ್ಧ ಗಂಟೆ ಆಡಿದ ಮೇಲೆ ಆಟ ತಾನಾಗಿ ಮುಚ್ಚಿಕೊಳ್ಳುವ ಹಾಗೆ ಟೂಲ್ ಬರೆದರು. ಅವಳು ಕಂಪ್ಯೂಟರಿನ ಗಡಿಯಾರವನ್ನೇ ಹಿಂದಕ್ಕೆ ತಿರುಗಿಸಿ ಆಡಿದಳು. ಅದು ಗೊತ್ತಾದ ದಿನ ಇವರಿಗೆ ಕೋಪ ಬರುವ ಬದಲು ಹುರುಪು ಬಂತು. ಒಂದು ವಾರ ಕೂತು, ಗಡಿಯಾರ ಹಿಂದಕ್ಕೆ ಹೋದರೆ ಇಡೀ ಕಂಪ್ಯೂಟರಿಗೇ ಬೀಗ ಬೀಳುವ ಹಾಗೆ ಮಾಡಿದರು. ಬೀಗ ತೆಗೆಯಬೇಕಾದರೆ ಅದು ಕೇಳುವ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕು. ಅಷ್ಟರಲ್ಲಿ ತನ್ಮಯಿಗೆ ಆಟ ಬೇಜಾರಾಗಿ ಗೆಳತಿಯರ ಹುಚ್ಚು ಹಿಡಿದಿತ್ತು. ಹಾಗಾಗಿ ಆ ಬೀಗ ಒಮ್ಮೆಯೂ ಬೀಳಲಿಲ್ಲ, ಆ ಪ್ರಶ್ನೆ ಏನೆಂದು ನನಗೂ ಅವಳಿಗೂ ಗೊತ್ತಾಗಲಿಲ್ಲ. ಮೂರು ವರ್ಷ ಕಳೆದು ಅವಳು ಕಾಲೇಜು ಸೇರಿದರೂ ದ್ವಾರಪಾಲಕ ಅಲ್ಲೇ ಕಾದು ಕೂತಿತ್ತು.

ನನ್ನ ವಿಷಯಕ್ಕೆ ಬರುತ್ತೇನೆ. ನಾನು ನಮ್ಮ ಬಡಾವಣೆಯದೇ ಒಂದು ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಒಂಬತ್ತು ವರ್ಷದಿಂದ ‘ಟೆಂಪೊರರಿ’. ಪ್ರತಿ ಬೇಸಿಗೆಯಲ್ಲೂ ಕೆಲಸ ಹೋಗುತ್ತಿತ್ತು, ಪ್ರತಿ ಜೂನ್‌ನಲ್ಲೂ ಮತ್ತೆ ಬರುತ್ತಿತ್ತು. ಆ ವರ್ಷ ಒಂದು ಕಾಯಂ ಹುದ್ದೆ ತೆರವಾಯಿತು. ಆಕಾಂಕ್ಷಿಗಳು ಇಬ್ಬರು: ನಾನು, ಮತ್ತು ಹಿಂದಿನ ವರ್ಷವಷ್ಟೇ ಸೇರಿದ್ದ ಶೈಲಾ. ಅವಳು ಚಿಕ್ಕ ಹುಡುಗಿ, ಕಂಪ್ಯೂಟರ್ ಡಿಪ್ಲೊಮಾ ಬೇರೆ ಮಾಡಿಕೊಂಡಿದ್ದಳು. ಇಬ್ಬರೂ ಕಂಪ್ಯೂಟರಿನಲ್ಲಿ ಒಂದೊಂದು ಪಾಠ ತಯಾರಿಸಿ ತಂದು ತೋರಿಸಬೇಕು ಎಂದು ಆಡಳಿತ ಮಂಡಳಿಯವರು ಹೇಳಿದರು. ದಿನ ಗೊತ್ತಾದದ್ದು ವಿಜಯದಶಮಿಯ ಮಾರನೆಯ ಬೆಳಿಗ್ಗೆ. ಪಾಠ ತರದಿದ್ದವರ ಹೆಸರನ್ನು ಕೈಬಿಡುತ್ತೇವೆ ಎಂದೂ ಹೇಳಿಬಿಟ್ಟರು.

ನಾನು ಹೃದಯದ ಪಾಠ ಆರಿಸಿಕೊಂಡೆ. ಮೌಸ್ ಹಿಡಿದರೆ ಬಾಣ ಎಲ್ಲೋ ಓಡಿಹೋಗುತ್ತಿದ್ದ ಕಾಲ ಅದು. ಆದರೂ ಪಟ್ಟು ಬಿಡದೆ ಕಲಿತೆ. ಕೆಟ್ಟ ರಕ್ತ ನೀಲಿ ಬಣ್ಣದಲ್ಲಿ ಬಂದು, ಶ್ವಾಸಕೋಶಕ್ಕೆ ಹೋಗಿ, ಕೆಂಪಾಗಿ ಮರಳಿ, ಹೃದಯ ಕುಗ್ಗಿ ಹಿಗ್ಗುವುದನ್ನು ಒಂದೊಂದೇ ಚಿತ್ರವಾಗಿ ಬಿಡಿಸಿ ಜೋಡಿಸಿದೆ. ಅದು ಮೊದಲ ಸಲ ಸರಿಯಾಗಿ ಬಡಿದುಕೊಂಡ ದಿನ ನನಗೆ ಅಳುವೇ ಬಂತು. ಈ ಕೆಲಸ ನನಗೇ ಸಿಗುತ್ತದೆ ಎಂದು ಆವತ್ತು ಅನ್ನಿಸಿತು.

ಆದರೆ ಅಷ್ಟೆಲ್ಲ ಚಿತ್ರಗಳಿದ್ದ ಪಾಠ ಸ್ಕೂಲಿಗೆ ಒಯ್ಯಲು ಒಂದು ಫ್ಲಾಪಿ ಡಿಸ್ಕಿಗೆ ಹಿಡಿಸಲಿಲ್ಲ.

"ರೀ, ಒಂದು ಪೆನ್‌ಡ್ರೈವ್ ತಂದುಬಿಡಿ. ಎಲ್ರೂ ಅದನ್ನೇ ಇಟ್ಕೊಂಡಿರ್ತಾರೆ."

"ಅದ್ಯಾಕೆ? ನಾನೇ ಒಂದು ಟೂಲ್ ಬರೀತೀನಿ. ಫೈಲನ್ನ ತುಂಡು ಮಾಡಿ ನಾಲ್ಕಾರು ಫ್ಲಾಪಿಗೆ ಹಾಕೋದು, ಸ್ಕೂಲಲ್ಲಿ ಮತ್ತೆ ಜೋಡಿಸೋದು. ‘ಕತ್ತರಿ’ ಅಂತ ಹೆಸರು ಕೂಡ ಯೋಚನೆ ಮಾಡಿದೀನಿ."

ಹೆಸರು ಮೊದಲು ಬಂತು, ಟೂಲ್ ಬರಲು ಮೂರು ವಾರವಾಯಿತು. ಬಂದ ಮೇಲಾದರೂ ಕತ್ತರಿಸಿ ಕೊಡಿ ಎಂದರೆ, "ಹಬ್ಬ ಆಗ್ಲಿ, ದಶಮಿ ಒಳ್ಳೇ ದಿನ, ಅವತ್ತೇ ಮಾಡ್ಕೊಡ್ತೀನಿ" ಎಂದರು. ಪಾಠಕ್ಕೂ ಮುಹೂರ್ತ! ನಾನು ಬೇಡಿಕೊಂಡೆ, ರೇಗಾಡಿದೆ, ಒಂದು ಹೊತ್ತು ಮಾತೂ ಬಿಟ್ಟೆ. ಮಾತು ಬಿಟ್ಟದ್ದು ಅವರ ಗಮನಕ್ಕೇ ಬರಲಿಲ್ಲ.

ಆಯುಧಪೂಜೆಯ ದಿನ ಬೆಳಿಗ್ಗೆ ಅವರು ಮಡಿಯುಟ್ಟು ಕಂಪ್ಯೂಟರಿನ ಮುಂದೆ ಕೂತರು. ಬೇರೆಯವರು ಡಬ್ಬಿಯ ಮೇಲೆ ಒಂದು ಬೊಟ್ಟಿಟ್ಟು, ಹೂ ಹಾಕಿ ಏಳುತ್ತಾರೆ. ಇವರು ಡಬ್ಬಿಯನ್ನೇ ಬಿಚ್ಚಿದರು. ಹಳೆಯ ಪೇಂಟ್ ಬ್ರಷ್ಷಿನಿಂದ ಧೂಳು ಗುಡಿಸಿ, ಫ್ಯಾನಿಗೊಂದು ಬೊಟ್ಟು, ತಗಡಿಗೊಂದು ಬೊಟ್ಟು ಇಡುತ್ತ ಹೋದರು. ಕೊನೆಗೆ ಒಳಗಿದ್ದ ನಾಣ್ಯದಂಥ ಚಿಕ್ಕ ಬ್ಯಾಟರಿಯನ್ನು ಉಗುರಿನಿಂದ ಎಬ್ಬಿಸಿ, ಪಂಚೆಯ ತುದಿಯಲ್ಲಿ ಒರೆಸಿ, ಅದಕ್ಕೂ ಅರಿಶಿನ ಕುಂಕುಮ ಹಚ್ಚಿ, ಕಣ್ಣಿಗೊತ್ತಿಕೊಂಡು ಮತ್ತೆ ಕೂರಿಸಿದರು.

"ಅದನ್ನ್ಯಾಕೆ ತೆಗೆದ್ರಿ?"

"ಇಡೀ ಮಿಷಿನ್‌ಗೆ ಪ್ರಾಣ ಇದೇ ಕಣೇ. ಪ್ರಾಣಕ್ಕೇ ಪೂಜೆ ಇಲ್ಲ ಅಂದ್ರೆ ಹೇಗೆ?"

ಆವತ್ತು ಆಯುಧ ಮುಟ್ಟುವಂತಿಲ್ಲ. ಸೇವಂತಿಗೆ ಹಾರ ಹಾಕಿಸಿಕೊಂಡು, ಎರಡು ಕಡೆ ಬಾಳೆಕಂದು ಕಟ್ಟಿಸಿಕೊಂಡು ಕಂಪ್ಯೂಟರ್ ಮದುಮಗನ ಹಾಗೆ ಕೂತಿತ್ತು. ಅದರ ಹೊಟ್ಟೆಯೊಳಗೆ ನನ್ನ ಹೃದಯವಿತ್ತು.

ಮಾರನೆಯ ದಿನ, ಹಬ್ಬದೂಟ ಮುಗಿದ ಮೇಲೆ, ಅವರು ಹಾರ ಸರಿಸಿ ಸ್ವಿಚ್ ಹಾಕಿದರು. ಕಂಪ್ಯೂಟರ್ ಎಂದಿನಂತೆ ಗೊರಗೊರ ಸದ್ದು ಮಾಡಿತು. ಆಮೇಲೆ ಪರದೆ ಕಪ್ಪಾಗಿ, ಕೆಂಪು ಅಕ್ಷರಗಳಲ್ಲಿ ‘ಗಡಿಯಾರ ಹಿಂದಕ್ಕೆ ಹೋಗಿದೆ. ಕಳ್ಳಿ ಸಿಕ್ಕಿಬಿದ್ದಿದ್ದಾಳೆ. ನಾನು ದ್ವಾರಪಾಲಕ’ ಎಂದು ಬಂತು. ಅದನ್ನು ನಾನು ಗಟ್ಟಿಯಾಗಿ ಓದಿದೆ.

"ನಾನೇನೂ ಮಾಡಿಲ್ಲಪ್ಪ!" ಎಂದು ತನ್ಮಯಿ ರೂಮಿನಿಂದಲೇ ಕೂಗಿದಳು.

ಯಜಮಾನರು ಹಣೆ ಒತ್ತಿಕೊಂಡರು. "ಆ ಬ್ಯಾಟರಿ... ಅದನ್ನ ತೆಗೆದ್ರೆ ಗಡಿಯಾರ ಮಿಷಿನ್ ತಯಾರಾದ ಕಾಲಕ್ಕೆ ಹಿಂದೆ ಹೋಗಿಬಿಡುತ್ತೆ. ಮರೆತೇಬಿಟ್ಟಿದ್ದೆ."

"ಹಾಗಿದ್ರೆ ತಾರೀಕು ಸರಿ ಮಾಡಿ."

"ಅದು ಆಗಲ್ಲ. ಒಂದ್ಸಲ ಅದಕ್ಕೆ ಅನುಮಾನ ಬಂತು ಅಂದ್ರೆ ಮುಗೀತು, ಆಮೇಲೆ ತಾರೀಕು ಸರಿಮಾಡಿದ್ರೂ ಬಿಡಲ್ಲ. ಹಾಗೇ ಬರೆದಿದೀನಿ." ಅವರ ದನಿಯಲ್ಲಿ ಗಾಬರಿಯಿತ್ತು ನಿಜ, ಆದರೆ ಅದರ ಹಿಂದೆ ಒಂದಿಷ್ಟು ಹೆಮ್ಮೆಯೂ ಇತ್ತು. ಆ ಹೆಮ್ಮೆ ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು.

"ಮತ್ತೆ ನೀವೇ ಬರೆದ ಪ್ರೋಗ್ರಾಮು, ಅದನ್ನ ನೋಡಿ ಉತ್ತರ ಹೇಳಿ."

"ಅದೂ ಇದರೊಳಗೇ ಇದೆ."

ಕೀಲಿಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದ ಮನುಷ್ಯನಿಗೆ ಏನೆನ್ನಬೇಕು? ಮಹಡಿ ಮೇಲೆ ಬಾಡಿಗೆಗಿದ್ದ ಅಮರೇಶ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ. ಅವನಿಗೆ ಫೋನ್ ಮಾಡಿದರೆ ಹಬ್ಬಕ್ಕೆ ಲಿಂಗಸುಗೂರಿಗೆ ಹೋಗಿದ್ದ. "ಡಿಸ್ಕ್ ಬಿಚ್ಚಿ ಬ್ಯಾರೆ ಮಿಷಿನ್‌ಗೆ ಹಾಕಿದ್ರ ಆಗ್ತೈತ್ರಿ ಟೀಚರ್. ನಾ ಸೋಮವಾರ ಬಂದು ಮಾಡಿಕೊಡ್ತೀನ್ರಿ" ಎಂದ. ನನ್ನ ಪಾಠ ಇದ್ದದ್ದು ನಾಳೆ. ಅಂಗಡಿಗಳೆಲ್ಲ ಬಾಗಿಲು ಹಾಕಿ ಬಾಳೆಕಂದು ಕಟ್ಟಿಕೊಂಡಿದ್ದವು.

ಕೊನೆಗೆ ಪ್ರಶ್ನೆ ನೋಡೋಣ ಎಂದು ಯಜಮಾನರು ಒಂದು ಗುಂಡಿ ಒತ್ತಿದರು. ಪರದೆಯ ಮೇಲೆ ಬಂತು: ‘ಅಮ್ಮನಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಏನು?’

ನಾನು ಅವರ ಮುಖ ನೋಡಿದೆ. ಅವರು ಗೋಡೆಯ ಕ್ಯಾಲೆಂಡರ್ ನೋಡಿದರು.

"ಏನು ಬರೆದಿದ್ರಿ?"

"ಮೂರು ವರ್ಷ ಆಯ್ತಲ್ಲೇ. ಆಗ ಏನೋ ಥಟ್ಟನೆ ಹೊಳೀತು, ಹಾಕ್ದೆ. ಇರು, ಬರುತ್ತೆ." ಎರಡು ನಿಮಿಷ ಕಣ್ಣು ಮುಚ್ಚಿಕೊಂಡಿದ್ದು, ‘ಮೈಸೂರ್ ಪಾಕ್’ ಎಂದು ಟೈಪ್ ಮಾಡಿದರು. ‘ತಪ್ಪು. ಐದು ನಿಮಿಷ ಕಾಯಿರಿ’ ಎಂದು ಬಂತು.

"ಮೈಸೂರ್ ಪಾಕ್ ನಿಮಗಿಷ್ಟ, ನನಗಲ್ಲ!"

"ಹೌದಾ? ಹಬ್ಬದಲ್ಲೆಲ್ಲ ಮಾಡ್ತೀಯಲ್ಲ?"

"ಮಾಡೋದು ಯಾರಿಗೆ?"

ಐದು ನಿಮಿಷವಾದ ಮೇಲೆ ‘ಮಲ್ಲಿಗೆ’ ಎಂದು ಹಾಕಿದರು. ಮಲ್ಲಿಗೆ ಮುಡಿದರೆ ನನಗೆ ಅರ್ಧ ತಲೆನೋವು ಬರುತ್ತದೆ, ಮದುವೆಯ ದಿನವೇ ಬಂದಿತ್ತು. ದ್ವಾರಪಾಲಕ ಹತ್ತು ನಿಮಿಷ ಕಾಯಿಸಿತು. ಸ್ವಿಚ್ ಆರಿಸಿ ಹಾಕಿದರೆ ಕಾಯುವ ಹೊತ್ತಿನ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ ಎಂದು ಅವರೇ ಹೇಳಿದರು. ಎಷ್ಟು ಎಚ್ಚರಿಕೆಯ ಮನುಷ್ಯ ನೋಡಿ! ಇದರಲ್ಲಿ ಅರ್ಧ ಎಚ್ಚರಿಕೆಯನ್ನು ಸಿಲಿಂಡರಿನ ಮೇಲೆ ಇಟ್ಟಿದ್ದರೆ ಒಬ್ಬಟ್ಟಾದರೂ ಬೇಯುತ್ತಿತ್ತು.

ತನ್ಮಯಿ ಬಂದು ಕುರ್ಚಿಯ ಹಿಂದೆ ನಿಂತಳು. "ಅಪ್ಪ, ಅಮ್ಮಂಗೆ ಏನಿಷ್ಟ ಅಂತ ಅಮ್ಮನ್ನೇ ಕೇಳ್ಬಹುದಲ್ಲ. ಇಲ್ಲೇ ನಿಂತಿದಾಳೆ." ಆಮೇಲೆ ನನ್ನ ಕಡೆ ತಿರುಗಿ, ನಗುತ್ತಿದ್ದವಳು ನಗು ನಿಲ್ಲಿಸಿ, "ನಂಗೂ ಗೊತ್ತಿಲ್ವಲ್ಲಮ್ಮ. ಏನಿಷ್ಟ ನಿಂಗೆ?" ಎಂದಳು.

ಥಟ್ಟನೆ ಕೇಳಿದಾಗ ನನಗೂ ತೋಚಲಿಲ್ಲ. "ಅವರೆಕಾಳು" ಎಂದೆ. ಅದು ಸತ್ಯ. ಆದರೆ ಸತ್ಯವನ್ನು ದ್ವಾರಪಾಲಕ ಒಪ್ಪಲಿಲ್ಲ. ‘ತಪ್ಪು. ಅರ್ಧ ಗಂಟೆ ಕಾಯಿರಿ. ಇನ್ನೊಂದು ತಪ್ಪಿಗೆ ಒಂದು ದಿನ’ ಎಂದಿತು.

"ಒಂದು ದಿನ?" ನನ್ನ ದನಿ ಬೀದಿಗೆ ಕೇಳಿಸಿರಬೇಕು. "ಯಾರಾದ್ರೂ ಮಗಳಿಗೆ ಇಂಥದ್ದು ಮಾಡ್ತಾರೇನ್ರೀ?"

"ಶಿಕ್ಷೆ ಅಂದ್ಮೇಲೆ ಸ್ವಲ್ಪ ಭಯ ಇರ್ಬೇಕಲ್ಲ" ಎಂದು ಮೆಲ್ಲಗೆ ಹೇಳಿದರು.

ಒಂಬತ್ತು ವರ್ಷ ನಾನು ಕಾದದ್ದು ಈ ಕಪ್ಪು ಪರದೆಗಾಗಿಯೇ? ನಾಳೆ ಶೈಲಾ ಬಂದು ತನ್ನ ಪಾಠ ತೋರಿಸುತ್ತಾಳೆ. ನಾನು ಹೋಗಿ, ಬ್ಯಾಟರಿಗೆ ಕುಂಕುಮ ಹಚ್ಚಿದ್ದರಿಂದ ಪಾಠ ತರಲಾಗಲಿಲ್ಲ ಎಂದು ಆಡಳಿತ ಮಂಡಳಿಗೆ ಹೇಳಬೇಕು. ಅಳು ಬಂತು. ಅಳುವುದಕ್ಕೆ ಜಾಗವಾದರೂ ಬೇಕಲ್ಲ ಎಂದು ಅಡುಗೆಮನೆಗೆ ಹೋದೆ. ಅಷ್ಟರಲ್ಲಿ ಎದುರು ಮನೆಯ ವತ್ಸಲಾ ಅರಿಶಿನ ಕುಂಕುಮಕ್ಕೆ ಬಂದರು. ಅಳುವುದು ಬಿಟ್ಟು ಕಾಫಿಗಿಟ್ಟೆ.

ಫಿಲ್ಟರಿನಲ್ಲಿ ಗಟ್ಟಿ ಡಿಕಾಕ್ಷನ್ ಇಳಿದಿತ್ತು. ಮೂರು ಲೋಟಕ್ಕೆ ಅದೇ ಸರಿಹೋಯಿತು: ವತ್ಸಲಾ, ಯಜಮಾನರು, ತನ್ಮಯಿ. ಫಿಲ್ಟರಿನಲ್ಲಿದ್ದ ಅದೇ ಪುಡಿಯ ಮೇಲೆ ಮತ್ತೆ ಬಿಸಿನೀರು ಸುರಿದು ಎರಡನೇ ಡಿಕಾಕ್ಷನ್ ಇಳಿಸಿ ನನಗೆ ಬೆರೆಸಿಕೊಂಡೆ. ಪ್ರತಿದಿನ ಮಾಡುವುದೇ ಅದು.

ನನ್ನ ಲೋಟ ನೋಡಿ ವತ್ಸಲಾ, "ಇದೇನ್ರೀ ಪಂಕಜಾ, ನಿಮ್ದು ಬರೀ ಹಾಲಿನ ಹಾಗಿದೆ?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ನಕ್ಕು, "ಅವಳಿಗೆ ಲೈಟ್ ಕಾಫಿ ಅಂದ್ರೆ ಪ್ರಾಣ ಕಣ್ರೀ ವತ್ಸಲಾ. ಮದ್ವೆಯಾದಾಗಿಂದ ನೋಡ್ತಿದೀನಿ, ಸ್ಟ್ರಾಂಗ್ ಕೊಟ್ರೆ ಮುಟ್ಟೋದೇ ಇಲ್ಲ" ಎಂದರು. ಹೆಂಡತಿಯನ್ನು ಚೆನ್ನಾಗಿ ಬಲ್ಲ ಗಂಡನ ಪ್ರೀತಿಯೇ ಆ ಮಾತಿನಲ್ಲಿತ್ತು.

ಲೋಟ ನನ್ನ ಕೈಯಲ್ಲೇ ನಿಂತಿತು.

ಈ ಮನೆಗೆ ಸೊಸೆಯಾಗಿ ಬಂದ ಮೊದಲ ಬೆಳಿಗ್ಗೆ ನಮ್ಮತ್ತೆ ಹೇಳಿಕೊಟ್ಟ ಕ್ರಮ ಅದು. ಮೊದಲ ಡಿಕಾಕ್ಷನ್ ಗಂಡಸರಿಗೆ, ಬಂದವರಿಗೆ, ಎರಡನೆಯದು ನಮಗೆ. ಅತ್ತೆಯೂ ಅದನ್ನೇ ಕುಡಿದರು, ನಾನೂ ಕುಡಿದೆ. ಅತ್ತೆ ಹೋದರು, ಮಾವ ಹೋದರು, ಕ್ರಮ ಹೋಗಲಿಲ್ಲ. ತವರಿನಲ್ಲಿ ನಾನು ಕುಡಿಯುತ್ತಿದ್ದದ್ದು ನಾಲಿಗೆಗೆ ಕಹಿ ಹತ್ತುವಂಥ ಗಟ್ಟಿ ಕಾಫಿ. ಅದರ ವಾಸನೆ ಇವರ ಲೋಟದಿಂದ ಬರುವಾಗ ಈಗಲೂ ಆಸೆಯಾಗುತ್ತಿತ್ತು. ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಇಷ್ಟು ವರ್ಷ ನಾನು ನುಂಗಿದ್ದನ್ನು ಅವರು ನನ್ನ ಇಷ್ಟ ಎಂದುಕೊಂಡಿದ್ದರು.

ಲೋಟ ಕೆಳಗಿಟ್ಟು ನಡುಮನೆಯ ಮೂಲೆಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತೆ. ಅರ್ಧ ಗಂಟೆ ಮುಗಿಯುವವರೆಗೆ ಅಲ್ಲಾಡಲಿಲ್ಲ. ಪರದೆಯ ಮೇಲೆ ಪ್ರಶ್ನೆ ಮತ್ತೆ ಬಂತು.

"ತಡಿಯೇ, ತಡಿ! ಇದೇ ಕೊನೇದು. ತಪ್ಪಾದ್ರೆ ನಾಳೆ ಪೂರ್ತಿ ಹೋಯ್ತು. ಏನ್ ಹಾಕ್ತಿದೀಯ ಅಂತ ಹೇಳು ಮೊದ್ಲು" ಎಂದು ಅವರು ಓಡಿಬಂದರು.

ಹೇಳಲಿಲ್ಲ. ಒಂದೊಂದೇ ಅಕ್ಷರ ಹುಡುಕಿ ‘ಲೈಟ್ ಕಾಫಿ’ ಎಂದು ಟೈಪ್ ಮಾಡಿದೆ. ತಪ್ಪೆಂದು ಬರಲಿ ಎಂದು ಒಂದು ಗಳಿಗೆ ನನಗೆ ಅನ್ನಿಸಿದ್ದು ನಿಜ. ಪಾಠ ಹೋದರೂ ಹೋಗಲಿ, ಈ ಉತ್ತರ ಸರಿಯಾಗದಿರಲಿ ಎಂದು.

ಬೀಗ ತೆರೆಯಿತು. ಪರದೆ ನೀಲಿಯಾಗಿ, ನನ್ನ ಪಾಠದ ಚಿತ್ರ ಮೂಲೆಯಲ್ಲಿ ಎಂದಿನಂತೆ ಕಾಣಿಸಿತು.

"ನೋಡಿದ್ಯಾ!" ಯಜಮಾನರು ಚಪ್ಪಾಳೆ ತಟ್ಟಿದರು. "ನಿಂಗೇನಿಷ್ಟ ಅಂತ ನಂಗೆ ಗೊತ್ತಿತ್ತು ನೋಡು! ಬರೆದಿಟ್ಟಿದ್ದೆ, ಅಷ್ಟೇ, ನೆನಪಾಗ್ಲಿಲ್ಲ." ವತ್ಸಲಾ ನಕ್ಕರು. ತನ್ಮಯಿ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು.

"ಮೊದಲು ಕತ್ತರಿಸಿ ಕೊಡ್ರೀ" ಎಂದಷ್ಟೇ ಹೇಳಿದೆ. ದೀಪ ಹಚ್ಚುವ ಹೊತ್ತಿಗೆ ನನ್ನ ಹೃದಯ ತುಂಡುತುಂಡಾಗಿ ಫ್ಲಾಪಿಗಳಲ್ಲಿ ಸೇರಿತು. ಅಲ್ಲೇ ಒಮ್ಮೆ ಜೋಡಿಸಿ ತೋರಿಸಿದ ಮೇಲೆಯೇ ಅವರನ್ನು ಏಳಲು ಬಿಟ್ಟೆ.

ಮರುದಿನ ಪಾಠ ಚೆನ್ನಾಗಿ ನಡೆಯಿತು, ಕೆಲಸವೂ ನನಗೇ ಆಯಿತು. ಕತ್ತರಿ ನಿಜಕ್ಕೂ ಒಳ್ಳೆಯ ಟೂಲ್, ಅದನ್ನು ಒಪ್ಪಿಕೊಳ್ಳಬೇಕು. ಆದರೆ ನಾನು ಹೇಳಬೇಕಾದದ್ದು ಅಂದು ಬೆಳಿಗ್ಗೆ ಮನೆ ಬಿಡುವ ಮುಂಚಿನ ಮಾತು.

ಸೀರೆಯುಟ್ಟು, ಫ್ಲಾಪಿಗಳನ್ನು ಚೀಲಕ್ಕೆ ಹಾಕಿಕೊಂಡು, ಕಾಫಿ ಬೆರೆಸಿ ಅವರ ಲೋಟವನ್ನು ಅವರ ಮುಂದಿಟ್ಟೆ. ಪೇಪರಿನ ಹಿಂದಿನಿಂದಲೇ ಒಂದು ಗುಟುಕು ಕುಡಿದವರು ಪೇಪರು ಕೆಳಗಿಳಿಸಿದರು.

"ಇದೇನೇ, ನೀರು ನೀರು?"

"ಎರಡನೇ ಡಿಕಾಕ್ಷನ್."

"ಮತ್ತೆ ಮೊದಲನೇದು?"

ನಾನು ನನ್ನ ಲೋಟ ತೋರಿಸಿದೆ. ಅವರು ಇಣುಕಿ ಅದರ ಬಣ್ಣ ನೋಡಿದರು, ನನ್ನನ್ನು ನೋಡಿದರು. "ನಿಂಗೆ ಲೈಟೇ ಇಷ್ಟ ಅಲ್ವಾ? ನಿನ್ನೆ ತಾನೇ... ಸರಿ ಉತ್ತರ ಬಂತಲ್ಲ?"

"ಉತ್ತರ ಬರೆದವರು ನೀವು. ಕುಡಿದವಳು ನಾನು. ಇಷ್ಟು ವರ್ಷದಲ್ಲಿ ಒಂದ್ಸಲ ಕೇಳಿದ್ದಿದ್ರೆ ಹೇಳ್ತಿದ್ದೆ."

ಅವರು ತಮ್ಮ ಲೋಟವನ್ನು ತಿರುಗಿಸಿ ತಿರುಗಿಸಿ ನೋಡಿದರು. ಇನ್ನೊಂದು ಗುಟುಕು ಕುಡಿದು ಮುಖ ಕಿವುಚಿ, ಎದ್ದರು. ಚೆಲ್ಲಿ ಬರಲು ಹೋಗುತ್ತಾರೆಂದುಕೊಂಡೆ. ಲೋಟ ಹಿಡಿದುಕೊಂಡೇ ಹೋಗಿ ಕಂಪ್ಯೂಟರಿನ ಸ್ವಿಚ್ ಹಾಕಿದರು.

"ಈಗೇನ್ರೀ ಮಾಡ್ತಿದೀರಿ?"

"ದ್ವಾರಪಾಲಕದಲ್ಲಿ ಉತ್ತರ ತಪ್ಪಿದೆಯಲ್ಲ. ತಿದ್ದಬೇಕು."

ತಲೆ ಚಚ್ಚಿಕೊಳ್ಳಬೇಕೋ ನಗಬೇಕೋ ತಿಳಿಯಲಿಲ್ಲ. ಬೇರೆ ಗಂಡಸರು ತಪ್ಪಾಯಿತು ಎನ್ನುತ್ತಾರೆ. ಇವರು ಪ್ರೋಗ್ರಾಮ್ ತಿದ್ದುತ್ತಾರೆ. ಚಪ್ಪಲಿ ಮೆಟ್ಟಿಕೊಂಡು ಗೇಟಿನ ಹತ್ತಿರ ಹೋಗಿದ್ದೆ, ಕಿಟಕಿಯಿಂದ ಕೂಗಿದರು.

"ಪಂಕಜಾ, ಸಕ್ಕರೆ ಹಾಕ್ಕೋತೀಯಾ, ಇಲ್ವಾ?"

ಮದುವೆಯಾದಾಗಿನಿಂದ ನನ್ನ ಲೋಟದ ಬಗ್ಗೆ ಅವರು ಕೇಳಿದ ಮೊದಲ ಪ್ರಶ್ನೆ ಅದು. ಕಣ್ಣಲ್ಲಿ ನೀರು ಬಂತು, ಸಿಟ್ಟೂ ಬಂತು. ಅಷ್ಟು ಸುಲಭಕ್ಕೆ ಉತ್ತರ ಕೊಡಲು ಮನಸ್ಸಾಗಲಿಲ್ಲ.

"ಪಾಠ ಮುಗಿಸಿ ಬಂದು ಹೇಳ್ತೀನಿ. ಅಲ್ಲೀವರೆಗೂ ಕಾಯಿರಿ" ಎಂದು ಗೇಟು ಹಾಕಿಕೊಂಡು ಸ್ಕೂಲಿನ ಕಡೆ ನಡೆದೆ.